ಎಷ್ಟು ಬಂತು?

ಅಂಕ ಕೊಡುವುದು ನನ್ನ ಕಸುಬಾಗಿತ್ತು. ಬೀದರ ಜಿಲ್ಲೆಯ ನಾಲ್ಕಾರು ಪ್ರೌಢಶಾಲೆಗಳಲ್ಲಿ 31 ವರ್ಷ ಗಣಿತ ಕಲಿಸಿ, ಸಾವಿರಾರು ಉತ್ತರಪತ್ರಿಕೆಗಳ ಮೇಲೆ ಕೆಂಪು ಶಾಯಿ ಚೆಲ್ಲಿ, ಈಗ ಬಸವಕಲ್ಯಾಣದ ನಮ್ಮ ಹಳೆಯ ಮನೆಯಲ್ಲಿ ಪಿಂಚಣಿಯ ನೆರಳಿನಲ್ಲಿ ಕುಳಿತಿದ್ದೇನೆ. ಅಂಕಗಳ ಹಂಗು ನನಗೆ ಹರಿಯಿತೆಂದೇ ಭಾವಿಸಿದ್ದೆನು. ಆದರೆ ಅಂಕ ಪಡೆಯುವ ಸರದಿ ನನಗೂ ಬಂದಿತು; ಅದೂ ಅರವತ್ತೇಳನೆಯ ವಯಸ್ಸಿನಲ್ಲಿ. ಪರೀಕ್ಷೆ ನಿಮ್ಮದಲ್ಲವಲ್ಲ, ನಿಮ್ಮ ಕಂಪ್ಯೂಟರಿನದು ತಾನೆ ಎಂದು ನೀವು ಸಮಾಧಾನ ಹೇಳಬಹುದು. ಮಗನ ಅಂಕಪಟ್ಟಿ ಕೈಗೆ ಬಂದ ದಿನ ತಂದೆಗೆ ಊಟ ಸೇರುವುದುಂಟೆ? ಇದೂ ಹಾಗೆಯೇ.

ನಡೆದ ಸಂಗತಿಯನ್ನು ಮೊದಲಿನಿಂದ ಹೇಳುವೆನು. ನಮ್ಮ ಅವ್ವ ಹೋದ ವರ್ಷ ಜೂನ್ ತಿಂಗಳಲ್ಲಿ ತೀರಿಕೊಂಡಳು. ಅಕ್ಷರ ಬಾರದ ಹೆಂಗಸು. ಆದರೆ ಬೀಸುವ ಪದ, ತೊಟ್ಟಿಲ ಪದ, ಸೋಬಾನೆ ಪದಗಳು ಆಕೆಯ ನಾಲಗೆಯ ಮೇಲೆ ಎಷ್ಟಿದ್ದವೋ ಆಕೆಗೇ ತಿಳಿಯದು. “ಎಷ್ಟು ಪದ ಬರ್ತಾವ ಅವ್ವಾ?” ಎಂದು ಕೇಳಿದರೆ, “ಕಲ್ಲಿನ ಮುಂದ ಕುಂತರ ಬರ್ತಾವ, ಎಣಿಸಿದರ ಬರೂದಿಲ್ಲ” ಎನ್ನುತ್ತಿದ್ದಳು. ನನ್ನ ಹೆಂಡತಿ ಬುದ್ಧಿವಂತೆ. ಎಣಿಸುವ ಗೋಜಿಗೆ ಹೋಗದೆ, ಅತ್ತೆಯ ಮುಂದೆ ಬೀಸುವ ಕಲ್ಲು ಇಟ್ಟು, ಒಂದು ಹಿಡಿ ಜೋಳ ಹಾಕಿ, ಮೊಬೈಲನ್ನು ಹಿಟ್ಟಿನ ಡಬ್ಬಿಗೆ ಒರಗಿಸಿಡುತ್ತಿದ್ದಳು. ಹೀಗೆ ನಾಲ್ಕು ವರ್ಷ ಹಿಡಿದಿಟ್ಟ ಚಿತ್ರಗಳನ್ನೆಲ್ಲ ಶುಚಿಮಾಡಿ, ವರ್ಷದ ಪುಣ್ಯಸ್ಮರಣೆಗೆ ಬರುವ ನೆಂಟರಿಗೆಲ್ಲ ಒಂದೊಂದು ಪೆನ್‌ಡ್ರೈವಿನಲ್ಲಿ ಹಾಕಿ ಕೊಡಬೇಕೆಂಬುದು ಆಕೆಯ ಸಂಕಲ್ಪ. ಸಂಕಲ್ಪ ಆಕೆಯದು, ಕೆಲಸ ನನ್ನದು.

ಆ ಕೆಲಸಕ್ಕೆ ನನ್ನಲ್ಲಿದ್ದುದು 2019ರಲ್ಲಿ ಕೊಂಡ ಕಂಪ್ಯೂಟರು. ಅಡುಗೆಮನೆಯ ಕತ್ತಲೆಯನ್ನು ತಿಳಿಗೊಳಿಸಿ, ಫ್ಯಾನಿನ ಸದ್ದನ್ನು ತಗ್ಗಿಸಿ, ಪದದ ಸಾಲುಗಳನ್ನು ಕೆಳಗೆ ಕೂಡಿಸಿ, ಏಳು ನಿಮಿಷದ ಒಂದು ಹಾಡನ್ನು ಹೊಸದಾಗಿ ಹೊರತೆಗೆಯಲು ಅದು 48 ನಿಮಿಷ ತೆಗೆದುಕೊಳ್ಳುತ್ತಿತ್ತು. ತೆಗೆದುಕೊಳ್ಳಲಿ, ನನಗೇನೂ ಅವಸರವಿರಲಿಲ್ಲ. ಆದರೆ ಬೇಸಗೆಯಲ್ಲಿ ನಮ್ಮ ಕಡೆ ಸಂಜೆ ಒಂದಿಷ್ಟು ಗಾಳಿ ಬೀಸಿದರೆ ಕರೆಂಟು ಹೋಗುವುದು. ನಮ್ಮ ಯು.ಪಿ.ಎಸ್. ಪೆಟ್ಟಿಗೆ 25 ನಿಮಿಷ ಜೀವ ಹಿಡಿದು, ಕೂಗಿ ಕೂಗಿ ಸುಮ್ಮನಾಗುವುದು. ಮುಕ್ಕಾಲು ದಾರಿ ನಡೆದ ಕೆಲಸ ಅಲ್ಲಿಗೆ ಅಳಿಸಿಹೋಗಿ, ಮತ್ತೆ ಓಂ ಎಂದು ಮೊದಲಿನಿಂದ ಹತ್ತಬೇಕು. ಎರಡು ತಿಂಗಳಲ್ಲಿ 11 ಹಾಡುಗಳಾದವು. ಪುಣ್ಯಸ್ಮರಣೆಗೆ ಇನ್ನು ಉಳಿದಿದ್ದುದು ಆರೇ ವಾರ.

ಪುಣೆಯಲ್ಲಿರುವ ಮಗನು ಉಪಾಯ ಹೇಳಿದನು. ಇಡೀ ಯಂತ್ರವನ್ನು ಬದಲಿಸಬೇಕಾದುದಿಲ್ಲ. ಮದರ್‌ಬೋರ್ಡನ್ನು ಹಾಗೆಯೇ ಉಳಿಸಿಕೊಂಡು, ನಾಲ್ಕು ಕೋರುಗಳ ಹಳೆಯ ಪ್ರೊಸೆಸರನ್ನು ತೆಗೆದು ಆರು ಕೋರುಗಳ ರೈಜನ್ 5600ಜಿ ಎಂಬುದನ್ನು ಕೂಡಿಸಿದರೆ ಸಾಕು. ಹಳೆಯದೂ ಹೊಸದೂ ಒಂದೇ ಅಚ್ಚಿನ ಪೀಠದಲ್ಲಿ ಕುಳಿತುಕೊಳ್ಳುವಂಥವು. ಹಳೆಯ ಮನೆಯಲ್ಲಿ ಹೊಸ ಸೊಸೆ ಬಂದಂತೆ ಎಂದು ನನ್ನ ಹೆಂಡತಿ ಅರ್ಥ ಮಾಡಿಕೊಂಡಳು.

ಹುಮನಾಬಾದಿನಲ್ಲಿ ನಂಬಿಕೆಯ ಅಂಗಡಿಯೊಂದಿದೆ ಎಂದು ಯಾರೋ ಹೇಳಿದ್ದರಿಂದ ಅಲ್ಲಿಗೇ ಹೋದೆನು. ಅಂಗಡಿಯವನು ನನ್ನನ್ನು ಕಂಡೊಡನೆ ಎದ್ದು ನಿಂತು ಕಾಲು ಮುಟ್ಟಿದನು. ಹದಿನೆಂಟು ವರ್ಷಗಳ ಹಿಂದೆ ನನ್ನ ಕೈಕೆಳಗೆ ಒಂಬತ್ತನೆಯ ತರಗತಿಯಲ್ಲಿ ಓದಿದ ಹುಡುಗನಂತೆ. ಕುರ್ಚಿ ಹಾಕಿಸಿ, ಚಹಾ ತರಿಸಿ, “ಸರ್, ನೀವು ನನಗ ಗಣಿತದಾಗ ಮೂವತ್ನಾಲ್ಕು ಕೊಟ್ಟಿದ್ರಿ” ಎಂದು ನಕ್ಕನು. ಆಗ ಪಾಸಾಗಲು 35 ಬೇಕಾಗಿತ್ತು. ಒಂದು ಅಂಕ ಕಡಿಮೆಯಾಗಿ ಹುಡುಗನು ಅದೇ ತರಗತಿಯಲ್ಲಿ ಇನ್ನೊಂದು ವರ್ಷ ಕುಳಿತಿದ್ದನು. ಆಮೇಲೆ ಐ.ಟಿ.ಐ. ಮುಗಿಸಿ ಈ ಕಸುಬು ಹಿಡಿದನೆಂದು ತಿಳಿಯಿತು. ನಾನೂ ನಕ್ಕೆನು. ಆ ಒಂದು ಅಂಕ ಯಾವ ಲೆಕ್ಕದಲ್ಲಿ ಹೋಯಿತೆಂಬುದು ನನಗೆ ನೆನಪಿಲ್ಲ. ಅವನಿಗೆ ನೆನಪಿತ್ತು, ತ್ರಿಜ್ಯವನ್ನು ವರ್ಗಮಾಡುವ ಬದಲು ಎರಡರಿಂದ ಗುಣಿಸಿದ್ದನಂತೆ.

ಹದಿನೇಳು ಸಾವಿರ ರೂಪಾಯಿ ಎಣಿಸಿಕೊಟ್ಟು, ಹೊಸ ಪ್ರೊಸೆಸರನ್ನು ಕೂಡಿಸಿಕೊಂಡ ಪೆಟ್ಟಿಗೆಯನ್ನು ಟವೆಲಿನಲ್ಲಿ ಸುತ್ತಿ, ಎಳೆಗೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹೊರಟೆನು. ಹೆದ್ದಾರಿ ಬಿಟ್ಟು ಸಸ್ತಾಪುರ ಬಂಗಲಾದಲ್ಲಿ ಊರ ಕಡೆ ತಿರುಗುವವರೆಗೆ ಕಂಡಕ್ಟರನು ಆ ಕೂಸಿಗೆ ಟಿಕೆಟು ಬೇಕೋ ಬೇಡವೋ ಎಂದು ಎರಡು ಸಲ ಬಂದು ನೋಡಿ ಹೋದನು. ಮನೆಯಲ್ಲಿ ಅದಕ್ಕೆ ಆರತಿಯೊಂದು ಕಡಿಮೆ. ನನ್ನ ಹೆಂಡತಿ ಅದನ್ನು ಅದರ ಹಳೆಯ ಸ್ಥಾನದಲ್ಲಿ, ಎಂದರೆ ನಮ್ಮ ತಂದೆಯ ಕಾಲದ ಸಾಗವಾನಿ ಅಲಮಾರಿನಲ್ಲಿ ಇರಿಸಿ, ಧೂಳು ಬೀಳದಿರಲೆಂದು ಕಸೂತಿಯ ಹೊಸ ಬಟ್ಟೆ ಹೊದಿಸಿದಳು. ಗೆಳೆಯರೇ, ಆ ಬಟ್ಟೆಯ ಮೇಲೊಂದು ಕಣ್ಣಿರಲಿ.

ರಾತ್ರಿ ಮಗನ ಫೋನು ಬಂದಿತು. ಯಂತ್ರದ ಪರೀಕ್ಷೆ ಮಾಡಲು ಸಿನಿಬೆಂಚ್ ಎಂಬ ಪ್ರೋಗ್ರಾಮನ್ನು ಹಾಕಿಕೊಳ್ಳುವಂತೆ ಹೇಳಿದ್ದನು. ಅದು ಕಂಪ್ಯೂಟರಿಗೆ ಒಂದು ಚಿತ್ರವನ್ನು ಬಿಡಿಸುವಂತೆ ಆಜ್ಞೆ ಮಾಡುತ್ತದೆ. ತೆರೆಯ ಮೇಲೆ ಚೌಕಚೌಕವಾಗಿ ನೆರಳು ಬೆಳಕು ಮೂಡುತ್ತ ಹೋಗುತ್ತವೆ. ಹತ್ತು ನಿಮಿಷ ದುಡಿಸಿದ ಮೇಲೆ ಅಂಕ ಕೊಡುತ್ತದೆ. “ಎಷ್ಟು ಬಂತು ಅಪ್ಪಾ?” ಎಂದು ಮಗನು ಕೇಳಿದನು. ಆ ಪ್ರಶ್ನೆಯನ್ನು ಅವನು ಶಾಲೆಯಿಂದ ಬಂದಾಗಲೆಲ್ಲ ನಾನು ಕೇಳುತ್ತಿದ್ದುದು ನೆನಪಾಯಿತು. “ನಾನೂರಾ ಎಂಬತ್ತು” ಎಂದೆನು. ಆ ಕಡೆ ಮೌನ. “ಅಪ್ಪಾ, ಈ ಪ್ರೊಸೆಸರಿಗೆ ಹತ್ತು ಸಾವಿರದ ಎಂಟುನೂರರ ಸುಮಾರು ಬರಬೇಕು” ಎಂದು ಹೇಳಿ, ಏನೋ ತುರ್ತು ಕೆಲಸವೆಂದು ಫೋನಿಟ್ಟನು.

ಗಣಿತದ ಮಾಸ್ತರನಿಗೆ ಶೇಕಡಾ ಲೆಕ್ಕ ಹಾಕಲು ಹಾಳೆ ಬೇಕೆ? ನೂರಕ್ಕೆ ನಾಲ್ಕೂವರೆಯೂ ಇಲ್ಲ. ಅಂಥ ಅಂಕವನ್ನು ನಾನು ನನ್ನ ಜೀವಮಾನದಲ್ಲಿ ಖಾಲಿ ಹಾಳೆ ಕೊಟ್ಟವರಿಗಲ್ಲದೆ ಕೊಟ್ಟವನಲ್ಲ. ಆ ರಾತ್ರಿ ನಿದ್ರೆ ಬರಲಿಲ್ಲ. ನಿದ್ರೆ ಬಾರದವನಿಗೆ ಸಂಶಯ ಬರುತ್ತದೆ. ಹುಡುಗನು ಕಾಲು ಮುಟ್ಟಿದ್ದೇಕೆ? ಚಹಾ ತರಿಸಿದ್ದೇಕೆ? ಮೂವತ್ತನಾಲ್ಕರ ಮಾತನ್ನು ತೆಗೆದು ನಕ್ಕದ್ದೇಕೆ? ಹದಿನೆಂಟು ವರ್ಷ ಮನಸ್ಸಿನಲ್ಲಿಟ್ಟುಕೊಂಡ ಒಂದು ಅಂಕವನ್ನು ಬಡ್ಡಿಸಮೇತ ವಸೂಲು ಮಾಡಿಕೊಂಡನೆಂದು ಬೆಳಗಿನ ಜಾವಕ್ಕೆ ನನಗೆ ಖಚಿತವಾಯಿತು.

ಮರುದಿನ ಹೇಗೂ ಹುಮನಾಬಾದಿಗೆ ಹೋಗಬೇಕಾಗಿತ್ತು. ನಮ್ಮ ಅಕ್ಕ ಕಲಬುರ್ಗಿಯಿಂದ ರೈಲಿನಲ್ಲಿ ಬರುವವಳಿದ್ದಳು. ಬಸವಕಲ್ಯಾಣಕ್ಕೆ ರೈಲಿಲ್ಲ, ಬೀದರ ಕಲಬುರ್ಗಿ ಮಾರ್ಗ ಪೂರ್ತಿ ತೆರೆದದ್ದು 2017ರ ಅಕ್ಟೋಬರಿನಲ್ಲಿ, ಅಂದಿನಿಂದ ನಮ್ಮ ನೆಂಟರು ಹುಮನಾಬಾದಿನಲ್ಲಿ ಇಳಿಯುವುದುಂಟು. ರೈಲಿಗೆ ಇನ್ನೂ ಎರಡು ಗಂಟೆ ಇರುವಾಗಲೇ ನಾನು ಅಂಗಡಿಯ ಮೆಟ್ಟಿಲು ಹತ್ತಿದೆನು. ಮೂರು ನಾಲ್ಕು ಜನ ಗಿರಾಕಿಗಳಿದ್ದರು. ಅವರ ಮುಂದೆಯೇ, ತರಗತಿಯಲ್ಲಿ ಆಡುತ್ತಿದ್ದ ಅದೇ ಗಡಸು ದನಿಯಲ್ಲಿ, “ಹಳೆಯ ಮಾಲನ್ನು ಹೊಸದೆಂದು ಕೊಟ್ಟಿದ್ದೀಯಲ್ಲ, ಗುರುವಿಗೆ ಮಾಡುವ ಕೆಲಸವೇನೋ ಇದು?” ಎಂದುಬಿಟ್ಟೆನು.

ಹುಡುಗನ ಮುಖ ಕೆಂಪೇರಿತು. ಆದರೆ ದನಿ ಏರಲಿಲ್ಲ. “ಸರ್, ಎಷ್ಟು ಬಂತು ಅಂತ ಆಮ್ಯಾಲ ಹೇಳ್ರಿ. ಮೊದಲು ಯಾವ ಪರೀಕ್ಷಾ ಅಂತ ಹೇಳ್ರಿ” ಎಂದನು.

ಆ ಒಂದು ಪ್ರಶ್ನೆ ಸಾಕಾಯಿತು. ಸಿನಿಬೆಂಚಿನಲ್ಲಿ ಹಲವು ಆವೃತ್ತಿಗಳಿವೆಯಂತೆ. 2020ರ ನವೆಂಬರಿನಲ್ಲಿ ಬಂದ ಆರ್23 ಎಂಬುದೊಂದು. 2023ರಲ್ಲಿ ಬಂದ, 2024 ಎಂಬ ಹೆಸರಿನದು ಇನ್ನೊಂದು. ಬಿಡಿಸಬೇಕಾದ ಚಿತ್ರ ಬೇರೆ, ಬಿಡಿಸುವ ವಿಧಾನ ಬೇರೆ, ಅಂಕ ಹಾಕುವ ಅಳತೆಯೂ ಬೇರೆ. ಮಗನು ಹೇಳಿದ 10,800 ಮೊದಲನೆಯದರ ಲೆಕ್ಕ. ನಾನು ಹಾಕಿಕೊಂಡದ್ದು ಎರಡನೆಯದನ್ನು. ಅದರಲ್ಲಿ ನನ್ನ ಪ್ರೊಸೆಸರಿಗೆ ಬರಬೇಕಾದದ್ದು 600ರ ಆಸುಪಾಸು. ನೂರಕ್ಕೆ ನಾಲ್ಕೂವರೆ ಎಂದು ನಾನು ರಾತ್ರಿಯೆಲ್ಲ ಹೊರಳಾಡಿದ್ದು ನಿಜವಾಗಿ ನೂರಕ್ಕೆ ಎಂಬತ್ತು!

ಇದು ನಮ್ಮ ಕಡೆಯವರಿಗೆ ಹೊಸ ಪಾಠವಾಗಬಾರದಾಗಿತ್ತು. ಹೈದರಾಬಾದು ಸಂಸ್ಥಾನದ ಕಾಲದಲ್ಲಿ ಇಲ್ಲಿ ನಡೆಯುತ್ತಿದ್ದುದು ನಿಜಾಮರ ಹಾಲಿ ರೂಪಾಯಿ. ಗಡಿಯಾಚೆಯ ಸೊಲ್ಲಾಪುರದಲ್ಲಿ ನಡೆಯುತ್ತಿದ್ದುದು ಕಲ್ದಾರ ರೂಪಾಯಿ. ಏಳು ಹಾಲಿಗೆ ಆರು ಕಲ್ದಾರ. ಹಾಲಿ ಪೂರ್ತಿಯಾಗಿ ಚಲಾವಣೆಯಿಂದ ಹೋದದ್ದು 1959ರಲ್ಲಿ. ಅವ್ವ ಚಿಕ್ಕವಳಿದ್ದಾಗ ತನ್ನ ತಂದೆಯೊಡನೆ ಮದುವೆಯ ಜವಳಿಗೆಂದು ಸೊಲ್ಲಾಪುರಕ್ಕೆ ಹೋಗಿದ್ದಳಂತೆ. ಮನೆಯಲ್ಲಿ ಎಣಿಸಿ ಗಂಟು ಕಟ್ಟಿದ ಎಪ್ಪತ್ತು ರೂಪಾಯಿ ಅಲ್ಲಿ ಅರವತ್ತಾದುದನ್ನು ಕಂಡು, ದಾರಿಯಲ್ಲಿ ಯಾರೋ ಹತ್ತು ರೂಪಾಯಿ ಕದ್ದರೆಂದು ಅತ್ತಿದ್ದಳಂತೆ. ಈ ಕಥೆಯನ್ನು ಆಕೆ ಹೇಳುವಾಗಲೆಲ್ಲ ನಾವು ನಗುತ್ತಿದ್ದೆವು. ಅವ್ವ ಅತ್ತದ್ದು ಹತ್ತು ವರ್ಷದವಳಾಗಿದ್ದಾಗ. ನಾನು ಅರವತ್ತೇಳರಲ್ಲಿ, ಕದ್ದವನ ಹೆಸರನ್ನೂ ನಿಶ್ಚಯಿಸಿಕೊಂಡು ಬಂದಿದ್ದೆನು.

“ಆದರೂ ನೂರಾ ಇಪ್ಪತ್ತು ಕಡಿಮಿ ಅದ” ಎಂದು ಹುಡುಗನೇ ಮುಂದುವರಿಸಿದನು. ನನಗೆ ಬಾಯಿಲ್ಲದ ಹೊತ್ತಿನಲ್ಲಿ ನನ್ನ ಪರವಾಗಿ ತಕರಾರು ಮಾಡಿದವನೂ ಅವನೇ. “ಸರ್, ಪೆಟ್ಟಿಗಿ ಎಲ್ಲಿ ಇಟ್ಟೀರಿ?” ಎಂದು ಕೇಳಿದನು. ಅಲಮಾರು, ಬಾಗಿಲು, ಕಸೂತಿಯ ಬಟ್ಟೆ ಎಲ್ಲವನ್ನೂ ಹೇಳಿದೆನು. ಅವನು ನಗಲಿಲ್ಲ, ಗಿರಾಕಿಗಳು ನಕ್ಕರು. ಪ್ರೊಸೆಸರು ದುಡಿಯುವಾಗ ಬಿಸಿಯಾಗುತ್ತದೆ. ಬಿಸಿ 95 ಡಿಗ್ರಿಯನ್ನು ಮುಟ್ಟಿದರೆ, ಸುಟ್ಟುಹೋಗದಿರಲೆಂದು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಹತ್ತು ನಿಮಿಷ ಬಿಡದೆ ದುಡಿಸುವ ಪರೀಕ್ಷೆಯಿಟ್ಟಿರುವುದು ಅದಕ್ಕಾಗಿಯೇ. ಮೊದಲ ನಿಮಿಷದ ಹುರುಪು ಕೊನೆಯವರೆಗೂ ಉಳಿಯುತ್ತದೆಯೇ ಎಂದು ನೋಡುವುದಕ್ಕೆ. ಮೇ ತಿಂಗಳ ನಮ್ಮ ಸೆಖೆಯಲ್ಲಿ, ಬಾಗಿಲು ಮುಚ್ಚಿದ ಅಲಮಾರಿನಲ್ಲಿ, ಮೈತುಂಬ ಹೊದೆದುಕೊಂಡು ಲೆಕ್ಕ ಬಿಡಿಸು ಎಂದರೆ ರಾಮಾನುಜನ್ನರಿಗೂ ಕಷ್ಟವಾಗುತ್ತಿತ್ತು. “ಗಾಳಿ ಕೊಡ್ರಿ ಸರ್, ಇನ್ನೇನೂ ಬ್ಯಾಡ” ಎಂದನು.

ಕ್ಷಮೆ ಕೇಳಬೇಕೆಂದು ಬಾಯಿ ತೆರೆದೆನು. ಮಾಸ್ತರರಿಗೆ ಆ ವಾಕ್ಯವನ್ನು ಯಾವ ತರಬೇತಿಯಲ್ಲಿಯೂ ಕಲಿಸಿರುವುದಿಲ್ಲ. “ರೈಲಿಗೆ ಹೊತ್ತಾಯಿತು” ಎಂದು ಹೇಳಿ ಹೊರಬಿದ್ದೆನು.

ನಿಲ್ದಾಣದಲ್ಲಿ ಕುಳಿತಾಗ ಎದುರಿಗೆ ಹಳದಿ ಫಲಕ. ಊರ ಹೆಸರಿನ ಕೆಳಗೆ, ಸಮುದ್ರಮಟ್ಟದಿಂದ ಇಷ್ಟು ಎತ್ತರ ಎಂಬ ಸಣ್ಣ ಅಂಕಿ. ಬೆಂಚ್‌ಮಾರ್ಕು ಎಂಬ ಮಾತಿನ ಮೂಲ ಇಂಥ ಕಡೆಯೇ ಇದೆ ಎಂಬುದನ್ನು ಅನಂತರ ಓದಿ ತಿಳಿದೆನು. ಬೆಂಚು ಎಂದರೆ ಹುಡುಗರನ್ನು ಹತ್ತಿಸಿ ನಿಲ್ಲಿಸುವಂಥದು, ಮಾರ್ಕು ಎಂದರೆ ಅದಕ್ಕೆ ಕಾರಣವಾದದ್ದು ಎಂದಷ್ಟೇ ನಾನು ತಿಳಿದಿದ್ದೆನು. ನಿಜದಲ್ಲಿ ಅದು ಭೂಮಾಪಕರ ಮಾತು. ಎತ್ತರ ಅಳೆಯುವವರು ಗಟ್ಟಿಯಾದ ಕಲ್ಲಿನ ಮೇಲೆ ಗೆರೆ ಕೊರೆದು, ಅಳತೆಗೋಲನ್ನು ನಿಲ್ಲಿಸುವ ಆಸರೆಗೆ ಅದನ್ನು ಸ್ಥಾನವಾಗಿ ಮಾಡಿಕೊಳ್ಳುತ್ತಿದ್ದರು. ಮುಂದಿನ ಅಳತೆಗಳೆಲ್ಲ ಆ ಗೆರೆಯಿಂದ. ಹುಮನಾಬಾದಿನ ಪ್ಲಾಟ್‌ಫಾರಂ ಮೇಲೆ ನಿಂತವರಿಗೆ ಸಮುದ್ರ ಕಾಣುವುದಿಲ್ಲ. ಆದರೂ ಆ ಫಲಕದ ಅಂಕಿಗೆ ಅರ್ಥ ಕೊಡುವುದು ಸಮುದ್ರವೇ. ಎಲ್ಲಿಂದ ಅಳೆದದ್ದು ಎಂಬುದನ್ನು ಅಳಿಸಿ ಅಂಕಿಯೊಂದನ್ನೇ ಉಳಿಸಿದರೆ ಅದು ಏನನ್ನೂ ಹೇಳಲಾರದು. ನನ್ನ 480 ಅಂಥ ಅಂಕಿಯಾಗಿತ್ತು.

ಅಕ್ಕನನ್ನು ಕರೆದುಕೊಂಡು ಮನೆಗೆ ಬಂದವನು ಮೊದಲು ಮಾಡಿದ ಕೆಲಸ, ಪೆಟ್ಟಿಗೆಯನ್ನು ಅಲಮಾರಿನಿಂದ ಹೊರಗೆ ತಂದು ಕಿಟಕಿಯ ಹತ್ತಿರದ ಸ್ಟೂಲಿನ ಮೇಲೆ ಇರಿಸಿದ್ದು. ಕಸೂತಿಯ ಬಟ್ಟೆಯನ್ನು ಸುಮ್ಮನೆ ಮಡಿಚಿ ಹೆಂಡತಿಯ ಕೈಗೆ ಕೊಟ್ಟೆನು; ತಪ್ಪು ಆಕೆಯದೆಂದು ಹೇಳುವ ಧೈರ್ಯ ಆ ದಿನ ನನಗಿರಲಿಲ್ಲ. ಪರೀಕ್ಷೆ ನಡೆಸಿದೆನು. 594 ಬಂದಿತು. ಇನ್ನೊಮ್ಮೆ ನಡೆಸಿದೆನು, 588. ಮತ್ತೊಮ್ಮೆ, 597. ಆಮೇಲೆ ಹಳೆಯ ಆವೃತ್ತಿಯಲ್ಲಿ ನೋಡಿದೆನು: 10,740.

ಮೂರು ಸಲದ ಮೂರು ಅಂಕಗಳನ್ನು ಪಟ್ಟಿಯಲ್ಲಿ ಬರೆದುಕೊಳ್ಳುವಾಗ ನನ್ನ ಕೈ ನಿಂತಿತು. ಯಂತ್ರ ಅದೇ, ಪರೀಕ್ಷೆ ಅದೇ, ಕೋಣೆ ಅದೇ. ಆದರೂ ಅಂಕ ನೂರಕ್ಕೆ ಒಂದೂವರೆಯಷ್ಟು ಹಿಂದುಮುಂದಾಗಿದೆ. ಒಳಗೆ ಇನ್ನಾವುದೋ ಸಣ್ಣ ಕೆಲಸ ನಡೆದಿರಬಹುದು, ಗಾಳಿ ತುಸು ಬಿಸಿಯಾಗಿರಬಹುದು. ಆದುದರಿಂದ ತಿಳಿದವರು ಒಂದೇ ಸಲದ ಅಂಕವನ್ನು ನೆಚ್ಚುವುದಿಲ್ಲ. ಹಲವು ಸಲ ನೋಡಿ ನಡುವಿನದನ್ನು ಹಿಡಿಯುತ್ತಾರೆ, ಒಂದೆರಡು ಅಂಶದ ಅಂತರವನ್ನು ಅಂತರವೆಂದೇ ಎಣಿಸುವುದಿಲ್ಲ. ಯಂತ್ರದ ಪರೀಕ್ಷೆಯೇ ಹೀಗಾದರೆ, ರಾತ್ರಿ ಹತ್ತು ಗಂಟೆಗೆ ಎಂಬತ್ತು ಉತ್ತರಪತ್ರಿಕೆಗಳ ರಾಶಿಯ ಮುಂದೆ ತೂಕಡಿಸುತ್ತ ಕುಳಿತ ಮಾಸ್ತರನ ಅಂಕ ಎಷ್ಟು ಗಟ್ಟಿ? ಅದೇ ಪತ್ರಿಕೆಯನ್ನು ಮರುದಿನ ಬೆಳಿಗ್ಗೆ ಚಹಾ ಕುಡಿದು ನೋಡಿದ್ದರೆ ನಾನೇ 33 ಕೊಡುತ್ತಿದ್ದೆನೋ 36 ಕೊಡುತ್ತಿದ್ದೆನೋ. ತ್ರಿಜ್ಯದ ತಪ್ಪು ತಪ್ಪೇ. ಅದಕ್ಕೆ ಅಂಕ ಕೊಡಬೇಕೆಂದು ಈಗಲೂ ಹೇಳುವುದಿಲ್ಲ. ಆದರೆ 34ಕ್ಕೂ 35ಕ್ಕೂ ನಡುವೆ ಒಂದು ವರ್ಷದ ಗೋಡೆ ಕಟ್ಟುವ ಮೊದಲು ಆ ಪತ್ರಿಕೆಯನ್ನು ಇನ್ನೊಮ್ಮೆ ಬಿಡಿಸಿ ನೋಡಬಹುದಾಗಿತ್ತು. ನೋಡಲಿಲ್ಲ. ಹದಿನೆಂಟು ವರ್ಷಗಳ ಮೇಲೆ ಅದೇ ಹುಡುಗನನ್ನು ಇನ್ನೊಂದು ಅಂಕದ ಬಲದಿಂದ, ಇನ್ನೊಮ್ಮೆ ನೋಡದೆ, ನಾಲ್ಕು ಜನರ ಮುಂದೆ ನಪಾಸು ಮಾಡಿ ಬಂದಿದ್ದೆನು.

ಮನಸ್ಸಿನ ಕಸಿವಿಸಿಯನ್ನು ಮರೆಯಲೆಂದು ಈ ಅಂಕಗಳ ವಂಶಾವಳಿಯನ್ನು ಹುಡುಕುತ್ತ ಕುಳಿತೆನು. ಇಂಗ್ಲೆಂಡಿನಲ್ಲಿ 1970ರ ದಶಕದಲ್ಲಿ ರೂಪುಗೊಂಡ ವೆಟ್‌ಸ್ಟೋನ್ ಎಂಬ ಪರೀಕ್ಷೆ ಈ ಕುಲದ ಹಿರಿಯರಲ್ಲೊಂದು. ವೆಟ್‌ಸ್ಟೋನ್ ಒಂದು ಹಳ್ಳಿಯ ಹೆಸರು. ಮಾತಿನ ಅರ್ಥ ಸಾಣೆಕಲ್ಲು. 1984ರಲ್ಲಿ ರೈನ್‌ಹೋಲ್ಡ್ ವೈಕರ್ ಎಂಬವರು ಬೇರೆ ಬಗೆಯ ಪರೀಕ್ಷೆಯನ್ನು ಮಾಡಿ, ಅದು ಒದ್ದೆ ಕಲ್ಲಾದರೆ ಇದು ಒಣ ಕಲ್ಲು ಎಂಬ ಶ್ಲೇಷೆಯಿಂದ ಡ್ರೈಸ್ಟೋನ್ ಎಂದು ಹೆಸರಿಟ್ಟರು. ಪ್ರಶ್ನೆಪತ್ರಿಕೆ ಚಿಕ್ಕದು, ವರ್ಷ ವರ್ಷವೂ ಅದೇ. ಆದುದರಿಂದ ಅದೊಂದನ್ನೇ ಬೇಗ ಮುಗಿಸುವ ಯುಕ್ತಿಗಳು ಬೆಳೆದವು. ಉರು ಹೊಡೆದು ಬಂದ ಹುಡುಗನು ಜಾಣನೆಂದು ಹೇಗೆ ಹೇಳುವುದು? 1988ರಲ್ಲಿ ಹುಟ್ಟಿದ ಸ್ಪೆಕ್ ಎಂಬ ಸಂಸ್ಥೆ, ಜನರು ನಿಜವಾಗಿ ಬಳಸುವಂಥ ದೊಡ್ಡ ಪ್ರೋಗ್ರಾಮುಗಳನ್ನೇ ಹಲವಾರು ಆರಿಸಿ, ಗೊತ್ತಾದ ಒಂದು ಯಂತ್ರಕ್ಕಿಂತ ಪ್ರತಿಯೊಂದರಲ್ಲಿಯೂ ಎಷ್ಟು ಪಟ್ಟು ವೇಗ ಎಂದು ನೋಡಿ, ಅವುಗಳ ಗುಣೋತ್ತರ ಸರಾಸರಿಯನ್ನು ತೆಗೆಯುವ ಪದ್ಧತಿಯನ್ನು ತಂದಿತು. ಒಂದರಲ್ಲಿ ನಾಲ್ಕು ಪಟ್ಟು, ಇನ್ನೊಂದರಲ್ಲಿ ಒಂದೇ ಪಟ್ಟು ಬಂದರೆ ಸಾದಾ ಸರಾಸರಿ ಎರಡೂವರೆ. ಗುಣೋತ್ತರ ಸರಾಸರಿ ಎರಡು. ಒಂದೇ ವಿಷಯದಲ್ಲಿ ಮೆರೆದು ಉಳಿದವುಗಳಲ್ಲಿ ಮಲಗಿದವನಿಗೆ ಅದು ಅಷ್ಟು ಸುಲಭವಾಗಿ ಒಲಿಯುವುದಿಲ್ಲ. ಇಂದು ಮನೆಮನೆಯಲ್ಲಿ ನಡೆಯುವ ಗೀಕ್‌ಬೆಂಚ್ 6 ಎಂಬ ಪರೀಕ್ಷೆಯಲ್ಲಿಯೂ ಇಂಟೆಲ್ ಕೋರ್ ಐ7-12700 ಎಂಬ ಪ್ರೊಸೆಸರಿನ ಅಂಕವನ್ನು 2,500 ಎಂದು ಹಿಡಿದು ಉಳಿದುದನ್ನು ಅಳೆಯುತ್ತಾರೆ. ಐದು ಸಾವಿರ ಬಂದರೆ ಅದರ ಇಮ್ಮಡಿ ಎಂದರ್ಥ. ಇವರ ಸಮುದ್ರಮಟ್ಟ ಅದು.

ಇದರಲ್ಲಿಯೂ ಮೋಸವಿಲ್ಲದಿಲ್ಲ. 2013ರಲ್ಲಿ ಕೆಲವು ಕಂಪನಿಗಳ ಮೊಬೈಲುಗಳು, ಪರೀಕ್ಷೆಯ ಪ್ರೋಗ್ರಾಮಿನ ಹೆಸರನ್ನು ಗುರುತಿಸಿ, ಆಗ ಮಾತ್ರ ಮೈಮುರಿದು ದುಡಿಯುತ್ತಿದ್ದುದು ಬಯಲಾಯಿತು. ಓದಿ ನನಗೆ ಆಶ್ಚರ್ಯವಾಗಲಿಲ್ಲ. ಇನ್‌ಸ್ಪೆಕ್ಟರ್ ಸಾಹೇಬರು ಬರುವ ದಿನ ಯಾವ ಪಾಠವನ್ನು ಕಲಿಸುವುದು, ಯಾವ ಹುಡುಗನನ್ನು ಎಬ್ಬಿಸಿ ಕೇಳುವುದು ಎಂಬುದನ್ನು ಹಿಂದಿನ ದಿನವೇ ಗೊತ್ತುಮಾಡಿಕೊಂಡಿರುತ್ತಿದ್ದ ಮಾಸ್ತರರ ಕುಲದಲ್ಲಿ ನಾನೂ ಒಬ್ಬನು.

ಇಷ್ಟೆಲ್ಲ ಓದಿ ತಲೆ ತುಂಬಿಸಿಕೊಂಡು ಊಟಕ್ಕೆ ಕುಳಿತಾಗ ನನ್ನ ಹೆಂಡತಿ ಕೇಳಿದಳು: “ಹಾಡು ಬೇಗ ಬರ್ತಾವೇನ್ರಿ, ಇಲ್ಲೇನ್ರಿ?” ಹದಿನೇಳು ಸಾವಿರ ಖರ್ಚು ಮಾಡಿದ್ದು ಅದಕ್ಕೆಂಬುದು ನನಗೆ ಮರೆತೇಹೋಗಿತ್ತು. ಅದೇ ಏಳು ನಿಮಿಷದ ಹಾಡನ್ನು ಯಂತ್ರಕ್ಕೆ ಕೊಟ್ಟೆನು. ಆಕೆಗೆ ಗಡಿಯಾರ ಬೇಡ. ರೊಟ್ಟಿ ಬಡಿಯಲು ಕುಳಿತಳು. ಹಳೆಯ ಪ್ರೊಸೆಸರಿನ ಕಾಲದಲ್ಲಿ ಒಂದು ಹಾಡಿಗೆ ಮೂವತ್ತೆರಡು ರೊಟ್ಟಿ ಆಗುತ್ತಿದ್ದವಂತೆ. ಈ ಸಲ ಹದಿಮೂರನೆಯ ರೊಟ್ಟಿ ಹಂಚಿನ ಮೇಲಿರುವಾಗ ಹಾಡು ಮುಗಿಯಿತು. ನಾನು ಗಡಿಯಾರ ನೋಡಿದೆನು: 20 ನಿಮಿಷ. ನಲವತ್ತೆಂಟಕ್ಕೆ ಇಪ್ಪತ್ತು, ಮೂವತ್ತೆರಡಕ್ಕೆ ಹದಿಮೂರು. ಆಕೆಯ ರೊಟ್ಟಿಗೂ ನನ್ನ ಗಡಿಯಾರಕ್ಕೂ ಕೂದಲೆಳೆಯ ವ್ಯತ್ಯಾಸ.

ಆದರೆ ಮಾಸ್ತರನ ಬುದ್ಧಿ ಸುಮ್ಮನಿರದು. ಅಂಕ ಹೆಚ್ಚಿದ್ದು 2.8 ಪಟ್ಟು, ಹಾಡು ಬೇಗ ಆದದ್ದು 2.4 ಪಟ್ಟು. ಉಳಿದದ್ದು ಎಲ್ಲಿ ಹೋಯಿತು? ಅದಕ್ಕೂ ಉತ್ತರ ಆ ಅಡುಗೆಮನೆಯಲ್ಲಿಯೇ ಇತ್ತು. ಮದುವೆ ಮನೆಯಲ್ಲಿ ಆರು ಮಂದಿ ಹೆಂಗಸರು ಕುಳಿತು ರೊಟ್ಟಿ ಬಡಿಯಬಹುದು. ಹಂಚು ಒಂದೇ ಇದ್ದರೆ ಬಡಿದ ರೊಟ್ಟಿಗಳು ಸಾಲುಗಟ್ಟಿ ಕಾಯಬೇಕು. ಕೆಲಸದಲ್ಲಿ ಹಂಚಿಕೊಳ್ಳಲು ಬರುವ ಪಾಲು ಇರುವಂತೆ, ಒಬ್ಬರೇ ಮಾಡಬೇಕಾದ ಪಾಲೂ ಇರುತ್ತದೆ. ಜೀನ್ ಆಮ್‌ಡಾಲ್ ಎಂಬ ಅಮೆರಿಕದ ಕಂಪ್ಯೂಟರ್ ತಜ್ಞರು 1967ರಲ್ಲಿ ಮುಂದಿಟ್ಟ ವಾದ ಇದೇ. ಅರವತ್ತು ನಿಮಿಷದ ಕೆಲಸದಲ್ಲಿ ಹದಿನೈದು ನಿಮಿಷ ಹಂಚಲಾಗದ ಪಾಲಾಗಿದ್ದರೆ, ಆರು ಕೋರು ಬಂದರೂ ಇಪ್ಪತ್ತೆರಡೂವರೆ ನಿಮಿಷ ಬೇಕು. ಸಾವಿರ ಕೋರು ಬಂದರೂ ಹದಿನೈದು ನಿಮಿಷಕ್ಕೆ ಕಡಿಮೆಯಾಗದು. ಇನ್ನು ನಾನು ಪತ್ರ ಟೈಪು ಮಾಡುವ ಕೆಲಸ ಮೊದಲಿನಷ್ಟೇ ನಿಧಾನ. ಅಲ್ಲಿ ಕಾಯುವುದು ಪ್ರೊಸೆಸರು. ಕಾಯಿಸುವುದು ನನ್ನ ಎರಡು ಬೆರಳುಗಳು.

ಎರಡು ಪಟ್ಟೋ ಮೂರು ಪಟ್ಟೋ ಎಂಬ ಚರ್ಚೆಗಿಂತ ಮಿಗಿಲಾದ ಮಾತೊಂದಿದೆ. ನಮ್ಮ ಯು.ಪಿ.ಎಸ್. ಪೆಟ್ಟಿಗೆಯ ಆಯುಸ್ಸು 25 ನಿಮಿಷ. ಮೊದಲು ಹಾಡು ಆ ಗೆರೆಯಿಂದ ಹೊರಗಿತ್ತು. ಈಗ ಒಳಗೆ ಬಂದಿದೆ. ಕರೆಂಟು ಹೋದರೂ ಅವ್ವನ ಪದ ಅರ್ಧಕ್ಕೆ ನಿಲ್ಲುವುದಿಲ್ಲ. ಭೂಮಾಪಕರು ಕಲ್ಲಿನ ಮೇಲೆ ಕೊರೆದಂತೆ ನಮ್ಮ ಮನೆಗೂ ಒಂದು ಗೆರೆ ದೊರೆಯಿತು. ಈ ಗೆರೆಯನ್ನು ಯಾವ ಪರೀಕ್ಷೆಯ ಪಟ್ಟಿಯಲ್ಲಿಯೂ ಹುಡುಕಿ ಪ್ರಯೋಜನವಿಲ್ಲ. ಅವರವರ ಮನೆಯ ಕೆಲಸವನ್ನು ಅವರವರೇ ಯಂತ್ರಕ್ಕೆ ಕೊಟ್ಟು ನೋಡಬೇಕು.

ಪುಣ್ಯಸ್ಮರಣೆಗೆ ನಾಲ್ಕು ದಿನ ಮೊದಲೇ ಕೆಲಸ ಮುಗಿಯಿತು. ನೆಂಟರು ಬಂದರು, ಉಂಡರು, ಪೆನ್‌ಡ್ರೈವುಗಳನ್ನು ಪ್ರಸಾದದೊಡನೆ ತೆಗೆದುಕೊಂಡು ಹೋದರು. ಒಂದು ಉಳಿದಿತ್ತು. ಅದನ್ನೂ, ನನ್ನ ಹೆಂಡತಿ ಕಟ್ಟಿಕೊಟ್ಟ ಹನ್ನೆರಡು ಜೋಳದ ರೊಟ್ಟಿಯನ್ನೂ, ಶೇಂಗಾ ಹಿಂಡಿಯನ್ನೂ ಹಿಡಿದುಕೊಂಡು ಹುಮನಾಬಾದಿನ ಬಸ್ಸು ಹತ್ತಿದೆನು.

ಅಂಗಡಿಯಲ್ಲಿ ಆ ದಿನವೂ ಗಿರಾಕಿಗಳಿದ್ದರು. ಅವರು ಹೋಗಲಿ ಎಂದು ಕಾಯಬೇಕೆನಿಸಿತು. ಆದರೆ ಬೈದದ್ದು ಜನರ ಮುಂದೆ, ಆದುದರಿಂದ ಜನರ ಮುಂದೆಯೇ, “ತಪ್ಪು ನನ್ನದು ತಮ್ಮಾ. ಆವತ್ತೂ ಇನ್ನೊಮ್ಮೆ ನೋಡಬೇಕಾಗಿತ್ತು, ಈವತ್ತೂ ಇನ್ನೊಮ್ಮೆ ನೋಡಬೇಕಾಗಿತ್ತು” ಎಂದೆನು. ಗಿರಾಕಿಗಳಿಗೆ ಏನೂ ಅರ್ಥವಾಗಲಿಲ್ಲ. ಹುಡುಗನಿಗೆ ಅರ್ಥವಾಯಿತು. ಅವನು ಏನೂ ಹೇಳದೆ ರೊಟ್ಟಿಯ ಗಂಟನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಒಳಗಿಟ್ಟು ಬಂದು, ಕುರ್ಚಿಯನ್ನು ಒರೆಸಿ ಹಾಕಿದನು. ಆಮೇಲೆ, ಅಂಗಡಿಯವನ ಸಹಜವಾದ ಕುತೂಹಲದಿಂದ ಕೇಳಿದನು:

“ಈಗ ಎಷ್ಟು ಬಂತ್ರಿ ಸರ್?”

ಐನೂರಾ ತೊಂಬತ್ತನಾಲ್ಕು ಎಂದು ಹೇಳಲು ಹೊರಟವನು ತಡೆದೆನು. ಎಣಿಸಿದರೆ ಬರುವುದಿಲ್ಲವೆಂದು ಅವ್ವ ಹೇಳುತ್ತಿದ್ದ ಲೆಕ್ಕ ಕೊನೆಗೂ ನನ್ನ ಕೈಗೆ ಬಂದಿತ್ತು.

“ನಲವತ್ತೊಂದು” ಎಂದೆನು. “ಎಲ್ಲಾ ಬಂದವು.”